ಏಳು ದಿನದೊಳಗೆ

ಕಾರ್ಖಾನೆಯ ಪೋರ್ಟಲಿನಲ್ಲಿ ಹಾಜರಿಗೊಂದು ಚೌಕ,
ರಜೆಗೊಂದು, ಸಂಬಳದ ಚೀಟಿಗೊಂದು.
ನಾಲ್ಕನೆಯದನ್ನು ಕೂರಿಸಲು ಮೈಸೂರಿನಿಂದ
ಬೆಳಗಿನ ಪ್ಯಾಸೆಂಜರಿಗೆ ಹೊರಟೆ.
ಎಲಿಯೂರು ದಾಟುವವರೆಗೂ ಕಿಟಕಿಗೆ ಕಬ್ಬು, ಬರೀ ಕಬ್ಬು.

ಚೌಕದಲ್ಲಿ ಲಕೋಟೆಯ ಚಿತ್ರವಿಟ್ಟು ಕೆಳಗೆ 'ಅಂಚೆ' ಎಂದು ಬರೆದೆ.
'ಇ-ಮೇಲ್ ಅಂತಲೇ ಹಾಕಿ ಮೇಡಂ,
ಅಂಚೆ ಅಂದ್ರೆ ಯಾರಿಗೆ ಗೊತ್ತಾಗ್ತದೆ?'
ಹಾಕಿದೆ.

ಸರ್ವರಿನ ವಿಳಾಸ ಕೊಟ್ಟೆ.
ಬಾಗಿಲಿನ ಸಂಖ್ಯೆ ಒಂಬೈನೂರ ತೊಂಬತ್ತಮೂರು.
ಬಡಿದೆ, ಒಳಗಿನಿಂದ ಯಾರೂ ತೆಗೆಯಲಿಲ್ಲ.
ಪ್ರಮಾಣಪತ್ರ ತೀರಿಕೊಂಡು ಎರಡು ವರ್ಷವಾಗಿತ್ತು,
ಯಾರೂ ತಿಥಿ ಮಾಡಿರಲಿಲ್ಲ.
ಹೊಸದು ತರಿಸಿ ಅಂಟಿಸುವಷ್ಟರಲ್ಲಿ
ಕ್ಯಾಂಟೀನಿನ ಮುದ್ದೆ ಖಾಲಿ.

ಪೋರ್ಟಲಿಗೆ ಒಮ್ಮೆ ಹೆಸರು ಹೇಳಿ ಬಂದವರನ್ನು
ಅಂಚೆಯ ಬಾಗಿಲಲ್ಲಿ ಮತ್ತೆ 'ಯಾರು' ಎನ್ನಕೂಡದು.
ನನ್ನ ಕೆಲಸವೆಲ್ಲ ಇಷ್ಟೇ.
ಜಗಲಿಯಲ್ಲಿ ಕಾಲು ತೊಳೆದು ಬಂದವರಿಗೆ
ನಡುಮನೆಯಲ್ಲಿ ಮತ್ತೆ ಚೊಂಬು ನೀಡುತ್ತಾರೆಯೇ?
ಹೇಳುವುದು ಸುಲಭ. ರಾತ್ರಿ ಎಂಟಾಯಿತು.

'ಪರೀಕ್ಷೆಗೆ ಯಾರಾದರೂ ಒಬ್ಬರು ಬೇಕು' ಅಂದೆ.
ತೂಕದ ಮನೆಯ ಕೆಂಪಾಚಾರಿ ಬಂದರು,
ಪಾಳಿ ಹತ್ತಕ್ಕೆ, ಎಂಟಕ್ಕೇ ಬಂದು ಕೂರುವ ಅಭ್ಯಾಸವಂತೆ.
ಕಿವಿಯ ಮೇಲೆ ಪೆನ್ನು, ಬೆರಳಿಗೆ ಕಾರ್ಬನ್ನಿನ ನೀಲಿ.
ಕಾಕಂಬಿಯ ವಾಸನೆಯೂ ಅವರ ಜತೆ
ಕುರ್ಚಿ ಎಳೆದುಕೊಂಡು ಕೂತಿತು.

'ನಂಗೆಲ್ಲೈತೆ ಮೇಲು, ಬುಡಿ.'
ಇತ್ತು. ಹೆಸರು, ಚುಕ್ಕಿ, ಇನಿಶಿಯಲ್ಲು,
ಆಮೇಲೆ ಆ ಸುರುಳಿ ಸುತ್ತಿದ ಬಸವನಹುಳು.
ಹನ್ನೊಂದು ವರ್ಷದ ಕೆಳಗೆ ಯಾರೋ ಒಂದೇ ಮಧ್ಯಾಹ್ನ
ಇಡೀ ಹಾಜರಿಪಟ್ಟಿಗೆ ವಿಳಾಸ ಮಾಡಿಟ್ಟು ಹೋಗಿದ್ದರು,
ಹೇಳುವುದೊಂದನ್ನು ಮರೆತು.

ಹೊಸ ಪಾಸ್‌ವರ್ಡು ಆರಿಸಿ ಎಂದರೆ
ಯಾವುದೋ ಟ್ರ್ಯಾಕ್ಟರಿನ ನಂಬರನ್ನು ಗಟ್ಟಿಯಾಗಿ ಕೂಗಿದರು.
'ಅಯ್ಯೋ, ಬಾಯಿಬಿಡಬಾರದು, ಮನಸ್ಸಲ್ಲೇ ಹೇಳಿಕೊಂಡು ಒತ್ತಿ.'
'ಮನಸಲ್ಲಿ ಹೇಳಿದ್ರೆ ಮುಳ್ಳು ಅಲ್ಲಾಡ್ತದಾ?'

ಅಲ್ಲಾಡಿತು. ಚಕ್ರ ತಿರುಗಿ ನಿಂತು
ಓದದ ಕಾಗದ ಸಾವಿರದ ಆರುನೂರ ಹನ್ನೆರಡು ಎಂದಿತು.
ಸುತ್ತೋಲೆ, ತಿದ್ದುಪಡಿ, ಸುತ್ತೋಲೆಗೆ ಜ್ಞಾಪನ,
ಪ್ರತಿ ಜೂನ್ ಒಂದಕ್ಕೆ ಹುಟ್ಟುಹಬ್ಬದ ಶುಭಾಶಯ.
'ಅದು ಮೇಷ್ಟ್ರು ಬರೆಸಿದ್ ತಾರೀಕು' ಎಂದು ನಕ್ಕರು.
ನಗುತ್ತಲೇ ಕೆಳಗಿಳಿದವರು ಒಂದು ಕಡೆ ನಿಂತರು,
ತೂಕದ ಚೀಟಿ ಓದುವ ದನಿಯಲ್ಲೇ ಓದಿದರು:
ರಾತ್ರಿ ಪಾಳಿಯಿಂದ ಹಗಲಿಗೆ ವರ್ಗ ಕೋರಿದ ತಮ್ಮ ಅರ್ಜಿ
ಮಂಜೂರಾಗಿದೆ. ಏಳು ದಿನದೊಳಗೆ ಒಪ್ಪಿಗೆ ತಿಳಿಸುವುದು,
ತಪ್ಪಿದಲ್ಲಿ ರದ್ದು.

ತಾರೀಕು ಒಂಬತ್ತು ವರ್ಷ ಹಳೆಯದು.

ಹೊರಗೆ ಕಬ್ಬಿನ ಗಾಡಿಗಳ ಸಾಲು. ಹಾರನ್ನು.
'ನಾಟಕದ ತಾಲೀಮು ಇದ್ದುದ್ದೇ ರಾತ್ರಿ' ಅಂದರು.
'ಹಾರ್ಮೋನಿಯಂ ಮೇಷ್ಟ್ರು ಬರ್ತಿದ್ದುದ್ದೇ ಒಂಬತ್ತಕ್ಕೆ.
ಅದಕ್ಕೇ ಅರ್ಜಿ ಹಾಕಿದ್ದು. ದೂತನ ಪಾತ್ರ ಕೊಟ್ಟಿದ್ರು.
ದೊಡ್ಡದೇನಲ್ಲ, ಓಲೆ ತಂದಿದೀನಿ ಪ್ರಭೂ ಅನ್ನೋದು,
ಒಂದು ಕಂದ ಹಾಡೋದು, ಹೋಗೋದು.'

ನಾನು ಕೀಬೋರ್ಡಿನ ಧೂಳು ನೋಡುತ್ತಿದ್ದೆ.
ಅವರು ಒಂದೇ ಬೆರಳಲ್ಲಿ, ಅಕ್ಷರಕ್ಕೊಂದು ಉಸಿರು ಬಿಟ್ಟು
ಒಪ್ಪಿಗೆ ಇದೆ ಎಂದು ಒತ್ತಿದರು.
'ಕಳಿಸ್ಲಾ?'
ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.
ಹೋಗುತ್ತದೆಯೇ ಎಂದು ನನಗೂ ನೋಡಬೇಕಿತ್ತು.

ಮೂರು ಸೆಕೆಂಡು.
ಈ ವಿಳಾಸದಲ್ಲಿ ಯಾರೂ ಇಲ್ಲ, ಎಂದು ತಿರುಗಿ ಬಂತು.
'ಪರವಾಗಿಲ್ಲ ಕಣವ್ವ, ಬಲು ಬೇಗ ಬತ್ತದೆ ಉತ್ತರ'
ಎನ್ನುತ್ತ ಎದ್ದು, ಪೆನ್ನು ಕಿವಿಗೆ ಏರಿಸಿ ಹೋದರು.

ನನ್ನ ಹಾಳೆಯಲ್ಲಿ ಬರೆದುಕೊಂಡೆ:
ಹೊರಹೋಗುವ ಅಂಚೆ ಸರಿ ಇದೆ.
ಒಳಬರುವ ಅಂಚೆ ಸರಿ ಇದೆ.

ಕೊನೆಯ ರೈಲಿಗೆ ಓಡುವಾಗ ತೂಕದ ಮನೆಯ ಕಿಟಕಿಯಿಂದ
ಟನ್ನು ಕ್ವಿಂಟಾಲು ಕೂಗುವ ದನಿ ಕೇಳಿತು.
ಗೇಟಿನವರೆಗೂ ಕೇಳಿತು.
ಅಷ್ಟು ದೂರ ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ.